ಏಳು ಸಲ ಒತ್ತಿದ ಡೆವಲಪರ್

ನಮ್ಮ ಭಾವ ಒಂದು ಮಂಗಳವಾರ ಬೆಳಿಗ್ಗೆ, ಕಾಫಿ ಕುಡಿಯುವುದಕ್ಕೂ ಮುಂಚೆ, ಡೆವಲಪರ್ ಆದರು. ಅದಕ್ಕಾಗಿ ಅವರು ಓದಲಿಲ್ಲ, ಪರೀಕ್ಷೆ ಬರೆಯಲಿಲ್ಲ, ಯಾರ ಕೈಕಾಲೂ ಹಿಡಿಯಲಿಲ್ಲ. ಒಂದೇ ಜಾಗದಲ್ಲಿ ಏಳು ಸಲ ಒತ್ತಿದರು, ಅಷ್ಟೆ. ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ಮನುಷ್ಯನ ಮೇಲೆ ನನಗೆ ಈಗ ಅಪಾರ ಗೌರವವಿದೆ. ಮೊದಲು ಇರಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆಯ ಮುಂದಿನ ಕೋಣೆಯಲ್ಲಿ ಅವರ ಜೆರಾಕ್ಸ್ ಅಂಗಡಿ. ಒಂದು ಜೆರಾಕ್ಸ್ ಮೆಷಿನ್, ಒಂದು ಹಳೆಯ ಕಂಪ್ಯೂಟರ್, ಗಿರಾಕಿಗಳು ಕೂರಲು ಒಂದು ಬೆಂಚು. ಮೆಷಿನ್ನಿನ ಹಸಿರು ಗುಂಡಿ ಸವೆದುಹೋಗಿ ಒಂದು ಒತ್ತಿಗೆ ಜಗ್ಗುವುದಿಲ್ಲ. ಏಳು ಸಲ ಒತ್ತಿದರೆ ಗೊರ್ರ್ ಎಂದು ಎಚ್ಚರಗೊಳ್ಳುತ್ತದೆ. ಹದಿನೈದು ವರ್ಷ ಇದನ್ನೇ ಮಾಡಿ ಮಾಡಿ ಭಾವನ ಬೆರಳಿಗೆ ಏಳು ಎನ್ನುವುದು ಅಂಟಿಕೊಂಡುಬಿಟ್ಟಿದೆ. ಲಿಫ್ಟಿನ ಗುಂಡಿಯಾಗಲಿ, ಕಂಡವರ ಮನೆಯ ಕರೆಗಂಟೆಯಾಗಲಿ, ಅವರು ಏಳಕ್ಕಿಂತ ಕಡಿಮೆ ಒತ್ತಿದ ದಾಖಲೆ ಇಲ್ಲ. ನಮ್ಮ ಬೀದಿಯಲ್ಲಿ ಗಂಟೆ ಏಳು ಸಲ ಬಾರಿಸಿದರೆ ಒಳಗಿನಿಂದಲೇ "ಬನ್ನಿ ಜೆರಾಕ್ಸು" ಎನ್ನುತ್ತಾರೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾವನ ತಾಯಿ. ಬೀದಿಗೆಲ್ಲ ಅವರು ಲೆಕ್ಕದ ಟೀಚರ್, ನನಗೂ ಟೀಚರ್ರೇ. ಮೂವತ್ತಮೂರು ವರ್ಷ ಲೆಕ್ಕ ಕಲಿಸಿದವರು. ಹೆತ್ತ ಮಗ ಅವರದೇ ಕ್ಲಾಸಿನಲ್ಲಿ ಕೂತಿದ್ದ. ವಾರ್ಷಿಕ ಪರೀಕ್ಷೆಯಲ್ಲಿ ಅವನಿಗೆ ಮೂವತ್ತನಾಲ್ಕು ಕೊಟ್ಟರು. ಪಾಸಾಗಲು ಮೂವತ್ತೈದು ಬೇಕು. ಹೆಡ್‌ಮಾಸ್ಟರೇ ಬಂದು "ಒಂದು ಅಂಕ ತಾನೇ ಟೀಚರ್, ಹಾಕಿಬಿಡಿ" ಅಂದರಂತೆ. "ಒಂದು ಅಂಕ ತಾನೇ, ಅವನೇ ತಗೋಬಹುದಿತ್ತು" ಅಂದರಂತೆ ಇವರು. ಭಾವ ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂತರು. ಮಗನಿಗೆ ಅನ್ಯಾಯ ಮಾಡಿದಳು ಎಂದು ನಾಳೆ ಯಾರಾದರೂ ಅಂದರೆ ತೋರಿಸಲಿಕ್ಕೆ ಇರಲಿ ಎಂದು ಆ ಉತ್ತರಪತ್ರಿಕೆಯನ್ನು ಟೀಚರ್ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಈಗಲೂ ಹೆದರಿಕೆಯಾದರೆ ಭಾವನ ಬಾಯಲ್ಲಿ "ಅಮ್ಮ" ಬರುವುದಿಲ್ಲ, "ಟೀಚರ್" ಎಂದೇ ಬರುತ್ತದೆ.

ಈ ಟೀಚರ್ರ ಎರಡು ಕಣ್ಣಿಗೂ ಪೊರೆ ಬಂತು. ಮೊದಲು ಪೇಪರಿನ ಅಕ್ಷರ ಹೋಯಿತು, ಆಮೇಲೆ ಗೋಡೆ ಗಡಿಯಾರದ ಮುಳ್ಳು ಹೋಯಿತು, ಕೊನೆಗೆ ಸೊಸೆ ಯಾರು, ಅಲ್ಮೇರಾ ಯಾವುದು ಎನ್ನುವುದೂ ಅಂದಾಜಿನ ಮೇಲೆ ನಡೆಯತೊಡಗಿತು. ಕಣ್ಣಾಸ್ಪತ್ರೆಯ ಡಾಕ್ಟರು ನೋಡಿ, "ಬೇಗ ಆಪರೇಷನ್ ಮಾಡಿಸಿ, ಇನ್ನು ಆರು ತಿಂಗಳು ಬಿಟ್ಟರೆ ಗಟ್ಟಿಯಾಗಿ ಕಷ್ಟವಾಗುತ್ತೆ" ಅಂದರು. ಸರಿ, ಹೆಸರು ಬರೆಸೋಣ ಎಂದು ಭಾವ ಕೌಂಟರಿಗೆ ಹೋದರು.

"ಇಲ್ಲಿ ಬರ್ಕೊಳ್ಳೋದಿಲ್ಲ. ಫೋನಿನ ಆ್ಯಪಲ್ಲೇ ಹಾಕ್ಬೇಕು" ಅಂದ ಕೌಂಟರಿನವನು.

"ಇವರಿಗೆ ಕಣ್ಣು ಕಾಣ್ಸಲ್ಲ ಸ್ವಾಮಿ."

"ಅದಕ್ಕೇ ತಾನೇ ಇಲ್ಲಿಗೆ ಬಂದಿರೋದು? ಎಲ್ಲರೂ ಹಾಗೇ ಹಾಕೋದು."

ಆ ಆ್ಯಪ್ ಶನಿವಾರ ಬೆಳಿಗ್ಗೆ ಎಂಟರಿಂದ ಎಂಟೂ ಹತ್ತರವರೆಗೆ ಮಾತ್ರ ತೆರೆಯುತ್ತಿತ್ತು. ತೆರೆದ ಕೂಡಲೇ ಒಂದು ಪರೀಕ್ಷೆ. "ನೀವು ಮನುಷ್ಯರೇ ಎಂದು ತಿಳಿಯಲು ಹಾರುವ ಬೆಲೂನನ್ನು ಮುಟ್ಟಿ ಒಡೆಯಿರಿ. ರೋಗಿಯೇ ಸ್ವತಃ ಮುಟ್ಟತಕ್ಕದ್ದು." ಮೂರು ಶನಿವಾರ ಮೂರು ಅವಕಾಶ. ಮೂರೂ ತಪ್ಪಿದರೆ ನಂಬರ್ ರದ್ದು, ಮತ್ತೆ ಆರು ತಿಂಗಳ ನಂತರ ಬರಬೇಕು. ಕಣ್ಣು ಕಾಣದವರು ಕಣ್ಣಾಸ್ಪತ್ರೆಗೆ ಸೇರಬೇಕಾದರೆ ಕಣ್ಣು ಚೆನ್ನಾಗಿ ಕಾಣಬೇಕು ಎಂಬ ಈ ನಿಯಮವನ್ನು ಮಾಡಿದ ಮಹಾನುಭಾವ ಯಾರೋ, ಅವನಿಗೆ ನನ್ನ ನಮಸ್ಕಾರ.

ಮೊದಲ ಶನಿವಾರ ನನ್ನ ಫೋನಿನಲ್ಲಿ ಕೆಂಪು ಬೆಲೂನು ಬಂತು, ಟೀಚರ್ "ಎಲ್ಲಿ?" ಅನ್ನುವಷ್ಟರಲ್ಲಿ ಹೋಯಿತು. ಎರಡನೆಯ ಶನಿವಾರ ಅವರು ಫೋನಿನ ಪಕ್ಕದ ಗುಂಡಿ ಒತ್ತಿ ಫೋನನ್ನೇ ಆರಿಸಿದರು. ನನಗೆ ರೇಗಿಹೋಯಿತು.

"ಟೀಚರ್, ಮುಂದಿನ ವಾರ ನಾನೇ ಮುಟ್ತೀನಿ ಬಿಡಿ."

"ನಿನ್ನ ಬೆರಳು ನನ್ನ ಬೆರಳಾ?"

"ಯಾರು ನೋಡ್ತಾರೆ?"

"ನಾನು ನೋಡ್ತೀನಿ."

"ನಿಮಗೆ ಕಾಣ್ಸೋದೇ ಇಲ್ವಲ್ಲ!"

"ಇದು ಕಾಣ್ಸುತ್ತೆ. ನನ್ನ ಪರೀಕ್ಷೆ ನಾನೇ ಬರೀತೀನಿ. ಕಾಪಿ ಹೊಡೆದು ಕಣ್ಣು ಬರಿಸ್ಕೊಳ್ಳೋ ಗತಿ ನನಗಿನ್ನೂ ಬಂದಿಲ್ಲ."

ಹೀಗೆ ಮೂರನೆಯ ಶನಿವಾರ ಒಂದೇ ಉಳಿಯಿತು.

ನಾನು ಮೊಬೈಲ್ ಅಂಗಡಿಯಲ್ಲಿ ಫೋನಿನ ಕವರು ಮಾರುವವನು. ಅಕ್ಕನ ಮನೆಯ ಮಹಡಿಯಲ್ಲಿ ನನ್ನ ವಾಸ. ಆದ್ದರಿಂದ ಆ ಮನೆಯಲ್ಲಿ ತಂತ್ರಜ್ಞಾನದ ಮಹಾ ಪಂಡಿತ ನಾನೇ. ಭಾನುವಾರ ನಾನು ಪರಿಹಾರ ಸೂಚಿಸಿದೆ.

"ಭಾವ, ಕಂಪ್ಯೂಟರ್ ಒಳಗೇ ಒಂದು ಫೋನು ಕೂರಿಸೋ ಸಾಫ್ಟ್‌ವೇರ್ ಇದೆ. ಎಮ್ಯುಲೇಟರ್ ಅಂತ. ಫೋನಲ್ಲಿ ಓಡೋದೆಲ್ಲ ಅದರಲ್ಲೂ ಓಡುತ್ತೆ. ಇಷ್ಟು ದೊಡ್ಡ ಪರದೆ ಮೇಲೆ ಬೆಲೂನು ಕುಂಬಳಕಾಯಿ ಗಾತ್ರ ಕಾಣುತ್ತೆ. ಬೆರಳಿನ ಬದಲು ಮೌಸು."

"ಎಮ್ಮೆಲೇಟರ್ರಾ?" ಅಂದರು ಭಾವ.

ಅಡುಗೆಮನೆಯಿಂದ ಅಕ್ಕ ಕೂಗಿದಳು. "ಎಮ್ಮೆ ಲೇಟಾದ್ರೆ ನಮಗೇನ್ರೀ? ನಾವು ತಗೊಳ್ಳೋದು ಪ್ಯಾಕೆಟ್ ಹಾಲು!"

ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಎಮ್ಮೆ ಎಂದೇ ಹೆಸರು. ಎಮ್ಮೆಯನ್ನು ಕೂರಿಸಿದೆ, ಭಾಷೆ ಕನ್ನಡ ಮಾಡಿಕೊಟ್ಟೆ, ಆಸ್ಪತ್ರೆಯ ಆ್ಯಪನ್ನೂ ಹಾಕಿದೆ. ಭಾವ ಅಕ್ಕನ ಹೊಲಿಗೆ ಡಬ್ಬಿಯಿಂದ ಒಂದು ಅಂಗಿಯ ಗುಂಡಿ ತಂದು ಮೌಸಿನ ಎಡಗಡೆಗೆ ಅಂಟಿಸಿದರು. ಒತ್ತುವ ಜಾಗ ಅಮ್ಮನ ಬೆರಳಿಗೆ ತಾನಾಗಿ ಸಿಗಲಿ ಎಂದು. ಇದು ನನಗೆ ಹೊಳೆದಿರಲಿಲ್ಲ. ಹೊಳೆದಿತ್ತು ಎಂದು ಆಗ ಹೇಳಿದ್ದೆ, ಸುಳ್ಳು.

ಆದರೆ ಬೆಲೂನು ದೊಡ್ಡದಾದರೂ ಅದರ ಓಟ ಅದೇ ಅಲ್ಲವೇ? ಆ ಚಿಂತೆ ಭಾವನನ್ನು ಹಿಡಿಯಿತು. ಮಂಗಳವಾರ ಬೆಳಿಗ್ಗೆ ಎದ್ದವರೇ ಎಮ್ಮೆಯ ಸೆಟ್ಟಿಂಗುಗಳನ್ನು ಅರ್ಜಿ ನಮೂನೆ ಓದುವ ಹಾಗೆ ಮೇಲಿನಿಂದ ಒಂದೊಂದೇ ಸಾಲು ಓದುತ್ತ ಬಂದರು. ಕೊನೆಯಲ್ಲಿ "ಬಿಲ್ಡ್ ಸಂಖ್ಯೆ" ಎಂಬ ಸಾಲು. ಒತ್ತಿದರು. ಏನೂ ಆಗಲಿಲ್ಲ. ಏನೂ ಆಗದಿದ್ದರೆ ಏನು ಮಾಡಬೇಕೆಂದು ಅವರ ಬೆರಳಿಗೆ ಗೊತ್ತಿತ್ತು. ಒತ್ತಿದರು, ಒತ್ತಿದರು, ಒತ್ತಿದರು. "ಡೆವಲಪರ್ ಆಗಲು ಇನ್ನು ಮೂರು ಹೆಜ್ಜೆ" ಎಂದಿತು ಪರದೆ. ಒತ್ತಿದರು. ಎರಡು ಹೆಜ್ಜೆ. ಒಂದು ಹೆಜ್ಜೆ. ಏಳನೆಯ ಒತ್ತಿಗೆ, "ನೀವು ಈಗ ಡೆವಲಪರ್ ಆಗಿದ್ದೀರಿ!"

ಭಾವ ಮಹಡಿ ಹತ್ತಿ ಬಂದು ನನ್ನ ಹೊದಿಕೆ ಕಿತ್ತರು. "ಏಳಯ್ಯಾ ಏಳು! ಕೊಟ್ಟೇಬಿಟ್ರು!"

"ಯಾರು? ಏನು?"

"ಡೆವಲಪರ್ ಮಾಡಿದ್ದಾರೆ ನನ್ನ!"

"ಅಯ್ಯೋ ಭಾವ, ಅದು ಎಲ್ಲರಿಗೂ ಕೊಡ್ತಾರೆ. ಅಡಗಿಸಿಟ್ಟಿರೋ ಸೆಟ್ಟಿಂಗು ತೆರೆಯೋಕೆ ಅದೊಂದು ಉಪಾಯ ಅಷ್ಟೆ."

"ನಿನಗೆ ಕೊಟ್ಟಿದ್ದಾರಾ?"

ನಾನು ಜನ್ಮದಲ್ಲಿ ಅಲ್ಲಿ ಒತ್ತಿದವನಲ್ಲ. "ಇಲ್ಲ" ಅಂದೆ.

"ಮತ್ತೆ?" ಅಂದರು ಭಾವ.

ಮೂವತ್ತನಾಲ್ಕು ಅಂಕದವನಿಗೆ ಯಾರೋ ಏನೋ ಆಗಿದ್ದೀರಿ ಎಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಹೇಳಿದ್ದು ಅದೇ ಮೊದಲು. ನಾನು ಎದ್ದು ಹೊದಿಕೆ ಮಡಚಿದೆ. ಅಕ್ಕ ಮಾತ್ರ "ಆಯ್ತು ಡೆವಲಪರೇ, ಮೊದಲು ಹಾಲು ತನ್ನಿ" ಅಂದಳು. ಹಿಂದಿನ ಕೋಣೆಯಿಂದ ಟೀಚರ್ "ಎಷ್ಟಕ್ಕೆ ಎಷ್ಟು ಬಂತಂತೆ?" ಎಂದು ಕೇಳಿದರು. "ಏಳಕ್ಕೆ ಏಳು ಟೀಚರ್" ಅಂದರು ಭಾವ.

ವಿಷಯ ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಭಾವ ಬೋರ್ಡು ಬರೆಯುವವನನ್ನು ಕರೆಸಿದರು. ಜೆರಾಕ್ಸ್ ಎನ್ನುವುದರ ಕೆಳಗೆ ಸಣ್ಣಗೆ "ಡೆವಲಪರ್" ಎಂದು ಸೇರಿಸು ಎಂದು ಹೇಳಿ ಹಾಲಿಗೆ ಹೋದರು. ಆ ಮಹಾಶಯ ಇಪ್ಪತ್ತು ವರ್ಷದಿಂದ ಬೋರ್ಡು ಬರೆಯುತ್ತಿದ್ದಾನೆ. ಆ ಶಬ್ದವನ್ನು ಅವನು ಒಂಟಿಯಾಗಿ ಎಂದೂ ಬರೆದಿಲ್ಲ. ಭಾವ ಬರುವಷ್ಟರಲ್ಲಿ ಕೆಂಪು ಅಕ್ಷರದಲ್ಲಿ, ಜೆರಾಕ್ಸಿಗಿಂತ ದೊಡ್ಡದಾಗಿ, "ಬಿಲ್ಡರ್ಸ್ ಅಂಡ್ ಡೆವಲಪರ್ಸ್" ಎಂದು ಹೊಳೆಯುತ್ತಿತ್ತು.

"ಇದೇನಪ್ಪಾ, ಬಿಲ್ಡರ್ಸ್ ಅಂತ ನಾನು ಹೇಳ್ಲೇ ಇಲ್ವಲ್ಲ?"

"ಅದಿಲ್ದೆ ಇದು ಬರಲ್ಲ ಸಾರ್. ಗಂಡ ಹೆಂಡ್ತಿ ಇದ್ದಂಗೆ. ಒಂದೇ ಬರೆದ್ರೆ ಜನ ಏನೋ ಅಂದ್ಕೋತಾರೆ."

ಭಾವ ಸ್ವಲ್ಪ ಯೋಚಿಸಿದರು. ಒತ್ತಿದ್ದು ಬಿಲ್ಡ್ ಸಂಖ್ಯೆಯ ಮೇಲೆ, ಆದದ್ದು ಡೆವಲಪರ್. ಎರಡೂ ಸೇರಿದರೆ ತಪ್ಪೇನೂ ಇಲ್ಲವಲ್ಲ. "ಇರಲಿ ಬಿಡು" ಅಂದರು.

ಬುಧವಾರ ಹನ್ನೊಂದು ಗಂಟೆಗೆ ಮೊದಲ ಪ್ರತಿಕ್ರಿಯೆ ಬಂತು. ಎದುರು ಮನೆಯ ರಿಟೈರ್ಡ್ ಕಂಡಕ್ಟರು ಬೋರ್ಡನ್ನು ಮೂರು ಸಲ ಓದಿ ಒಳಗೆ ಬಂದರು. ದಿನವೂ "ಏನ್ ಜೆರಾಕ್ಸು" ಎನ್ನುತ್ತಿದ್ದವರು ಅಂದು "ನಮಸ್ಕಾರ ಸಾರ್" ಅಂದರು.

"ಹೇಳಲೇ ಇಲ್ಲ ನೀವು. ಯಾವಾಗ ಆಯ್ತು ಇದೆಲ್ಲ?"

"ನಿನ್ನೆ ಬೆಳಿಗ್ಗೆ."

"ಅಷ್ಟು ಸಲೀಸಾಗಿ ಪರ್ಮಿಷನ್ ಸಿಕ್ತಾ?"

"ಏನಿಲ್ಲ, ಏಳು ಸಲ ಒತ್ತಿದೆ, ಕೊಟ್ರು."

ಕಂಡಕ್ಟರು ಕುರ್ಚಿ ಎಳೆದುಕೊಂಡರು. "ಎಲ್ಲಿ ಸಾರ್ ನಡೀತಿರೋದು? ಹೊರಗಡೆಯಿಂದ ಏನೂ ಕಾಣ್ಸಲ್ವಲ್ಲ?"

"ಕಾಣ್ಸಬಾರ್ದು ಅಂತಲೇ ಇರೋದು. ಎಲ್ಲ ಒಳಗಡೆ. ಅಡಗಿಸಿಟ್ಟಿದ್ದಾರೆ. ಗೊತ್ತಿರೋರಿಗೆ ಮಾತ್ರ ದಾರಿ."

"ಒಡೆಯೋ ಕೆಲಸ ಯಾವಾಗ?"

ಭಾವನ ತಲೆಯಲ್ಲಿದ್ದದ್ದು ಬೆಲೂನು ಒಂದೇ. "ಓ, ನಿಮಗೂ ಗೊತ್ತಾಯ್ತಾ? ಶನಿವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ. ಅಮ್ಮನೇ ಒಡೀತಾರೆ, ಅವರ ಕೈಯಿಂದಲೇ ಆಗ್ಬೇಕು. ಹತ್ತೇ ನಿಮಿಷ ಟೈಮಿರೋದು."

ಕಂಡಕ್ಟರು ಎದ್ದು ನಿಂತರು. ಎಂಬತ್ತು ವರ್ಷದ, ಕಣ್ಣು ಕಾಣದ ಹೆಂಗಸು ಹತ್ತು ನಿಮಿಷದಲ್ಲಿ ಬೀದಿ ಒಡೆಯುವುದನ್ನು ಅವರು ಮನಸ್ಸಿನಲ್ಲೇ ನೋಡಿರಬೇಕು. ಹೊರಗೆ ಹೋದವರು ಇಡೀ ಬೀದಿಗೆ ಸ್ಟಾಪು ಸ್ಟಾಪಿಗೂ ಸುದ್ದಿ ಇಳಿಸಿದರು.

ಮಧ್ಯಾಹ್ನದ ಹೊತ್ತಿಗೆ "ಏಳು ಸಲ ಒತ್ತಿದೆ" ಎನ್ನುವುದು "ಏಳು ಕಡೆಯಿಂದ ಒತ್ತಡ ಹಾಕಿಸಿದ್ದಾರೆ" ಎಂದಾಗಿತ್ತು. ಸಂಜೆಗೆ ಅದು "ಏಳು ಕಡೆ ಒತ್ತುವರಿ ಮಾಡಿದ್ದಾರೆ, ಅವರ ಬಾಯಿಂದಲೇ ಒಪ್ಪಿಕೊಂಡರು" ಎಂದಾಯಿತು. ಒಳಗೇ ಇದೆ ಎಂದದ್ದಕ್ಕೆ ನೆಲದಡಿಯಲ್ಲಿ ಮೂರು ಮಹಡಿ ತೋಡಿದ್ದಾರೆ ಎಂದು ಅರ್ಥ ಹೊರಟಿತು. ಮೂಲೆ ಮನೆಯವರಿಗೆ ಆ ರಾತ್ರಿ ಮಂಚ ಅಲ್ಲಾಡಿತಂತೆ.

ಗುರುವಾರ ಇಸ್ತ್ರಿಯಮ್ಮ ಬಂದಳು. ನಮ್ಮ ಗೋಡೆಗೆ ಒರಗಿಸಿ ಮೇಜು ಹಾಕಿಕೊಂಡು ಬೀದಿಯ ಬಟ್ಟೆಯೆಲ್ಲ ಇಸ್ತ್ರಿ ಮಾಡುವವಳು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ಅಣ್ಣಾ, ಎಲ್ಲಾನೂ ಒಡೀರಿ, ನನ್ನ ಮೇಜಿನ ಜಾಗ ಒಂದು ಬಿಟ್ಟುಕೊಡಿ" ಅಂದಳು.

"ನಿನ್ನ ಮೇಜು ಯಾಕಮ್ಮಾ ಒಡೀತೀನಿ? ಒಡೆಯೋದು ಕೆಂಪು ಬಣ್ಣದ್ದು ಮಾತ್ರ" ಅಂದರು ಭಾವ.

ಬೀದಿಯಲ್ಲಿ ಕೆಂಪು ಬಣ್ಣದ್ದು ಕಂಡಕ್ಟರ ಮನೆ ಒಂದೇ. ಆ ದಿನ ಸಂಜೆಯೇ ನಗರ ಕಚೇರಿಗೆ ದೂರು ಹೋಯಿತು.

ಇದಾವುದೂ ಭಾವನಿಗೆ ತಿಳಿಯದು, ನನಗೂ ತಿಳಿಯದು. ನಾನು ಬೆಳಿಗ್ಗೆ ಹೋದರೆ ಸಂಜೆ ಬರುವವನು. ಅವರು ದಿನವೂ ಮಧ್ಯಾಹ್ನ ಎರಡು ಗಂಟೆ ಹೊತ್ತು ಅಂಗಡಿ ಮುಚ್ಚಿ ಅಮ್ಮನಿಗೆ ಮೌಸು ಕಲಿಸುತ್ತಿದ್ದರು. ಶುಕ್ರವಾರ ನನಗೆ ರಜೆ ಇತ್ತು, ಬಾಗಿಲ ಬಳಿ ನಿಂತು ನೋಡಿದೆ. ಪರದೆಯ ಮೇಲೆ ಒಂದು ದುಂಡನೆಯ ಚಿತ್ರ. ಟೀಚರ್ ಮೌಸನ್ನು ಮೇಜಿನ ತುದಿಯವರೆಗೆ ಒಯ್ಯುತ್ತಾರೆ, ಅದು ಕೆಳಗೆ ಬೀಳುತ್ತದೆ. ಭಾವ ಎತ್ತಿಕೊಡುತ್ತಾರೆ. ಬೀಳುತ್ತದೆ. ಎತ್ತಿಕೊಡುತ್ತಾರೆ.

"ಆಗಲ್ಲ ಕಣೋ ನನ್ನ ಕೈಲಿ."

"ಈಗ ಮೊದಲಿಗಿಂತ ಹತ್ತಿರ ಬಂದ್ರಿ ಟೀಚರ್. ಇನ್ನೊಂದು ಸಲ."

"ನೂರು ಸಲ ಆಯ್ತು!"

"ನೂರ ಹದಿನೆಂಟು. ಎಣಿಸ್ತಿದ್ದೀನಿ. ಇನ್ನೊಂದು ಸಲ."

ನಾನಾಗಿದ್ದರೆ ಮೂರನೆಯ ಸಲಕ್ಕೆ ಮೌಸನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದೆ. ಇವರ ಧ್ವನಿ ಏರಲಿಲ್ಲ. ಚಿಕ್ಕಂದಿನಲ್ಲಿ ಇದೇ ತಾಯಿ ಇದೇ ಮಗನಿಗೆ ಸ್ಕೇಲಿನಲ್ಲಿ ಬೆರಳ ಗೆಣ್ಣಿಗೆ ಹೊಡೆದು ಮಗ್ಗಿ ಕಲಿಸಿದ್ದರಂತೆ. ನಾನು ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ.

ಪಾಠ ಮುಗಿದ ಮೇಲೆ ಭಾವ ತಮ್ಮ ಅಡಗಿದ ಸೆಟ್ಟಿಂಗುಗಳ ಪಟ್ಟಿಗೆ ಹೋಗುತ್ತಿದ್ದರು. ಅಲ್ಲಿ ಅವರು ಮಾಡಿದ ಸಾಹಸಗಳು ಒಂದೆರಡಲ್ಲ. ಬುಧವಾರ ಇಡೀ ಎಮ್ಮೆ ಎಡಬಲ ತಿರುಗಿ ನಿಂತಿತು. ಗುರುವಾರ ಬಣ್ಣವೆಲ್ಲ ಹೋಗಿ ಬೂದಿಯಾಯಿತು. ಎರಡನ್ನೂ ನಾನೇ ಸರಿಮಾಡಿ, "ಇನ್ನು ಏನನ್ನೂ ಮುಟ್ಬೇಡಿ ಭಾವ, ಕೈ ಮುಗೀತೀನಿ" ಅಂದಿದ್ದೆ. "ಇಲ್ಲಪ್ಪ" ಅಂದಿದ್ದರು.

ಶನಿವಾರ ಎಂಟಕ್ಕೆ ಐದು ನಿಮಿಷವಿದ್ದಾಗ ಎಮ್ಮೆಯನ್ನು ತೆರೆದೆ. ಅದು ಏಳಲೇ ಒಲ್ಲದು. ಒಂದು ಕಿಟಕಿ ತೆರೆಯುವುದಕ್ಕೆ ಯಾರೋ ಹಳೆಯ ಮರದ ಬಾಗಿಲನ್ನು ತಳ್ಳಿಕೊಂಡು ಬರುವಷ್ಟು ಹೊತ್ತು ಹಿಡಿಯಿತು.

"ಭಾವ! ಏನು ಮಾಡಿದ್ರಿ?"

ಭಾವ ಬೆರಳು ಹಿಸುಕಿಕೊಂಡರು. "ಚಲನೆಯ ಅವಧಿ ಅಂತ ಒಂದಿತ್ತು. ಅದರ ಮುಂದೆ 1x, 5x, 10x ಅಂತ. ಹತ್ತು ಮಾಡಿದೆ."

"ಯಾಕೆ?"

"ನಮ್ಮ ಮೆಷಿನ್ನಲ್ಲಿ 10x ಅಂದ್ರೆ ಹತ್ತು ಕಾಪಿ ಅಲ್ವೇನಯ್ಯಾ? ಒಂದು ಬೆಲೂನು ಬಿಡೋ ಕಡೆ ಹತ್ತು ಬಿಡುತ್ತೆ. ಹತ್ತರಲ್ಲಿ ಒಂದಾದ್ರೂ ಅಮ್ಮನ ಕೈಗೆ ಸಿಗದೇ ಹೋಗುತ್ತಾ?"

ನಾನು ತಲೆ ಚಚ್ಚಿಕೊಂಡೆ. ಸರಿಮಾಡೋಣವೆಂದರೆ ಆ ಪಟ್ಟಿ ತೆರೆಯುವುದೂ ಅದೇ ಎಮ್ಮೆಯ ನಡಿಗೆಯಲ್ಲಿ. ಗಡಿಯಾರ ಎಂಟು ಹೊಡೆಯಿತು. ಇರುವುದು ಹತ್ತು ನಿಮಿಷ. ಆಸ್ಪತ್ರೆಯ ಆ್ಯಪನ್ನು ಒತ್ತಿದೆ. ಅದೂ ಹೊರಟಿತು, ನಿಧಾನವಾಗಿ.

ಅಷ್ಟರಲ್ಲಿ ಬಾಗಿಲು ಧಡ್ಡೆಂದಿತು. ನೋಡಿದರೆ ಇಡೀ ಬೀದಿ! ಮುಂದುಗಡೆ ಕಂಡಕ್ಟರು, ಅವರ ಹಿಂದೆ ಇಸ್ತ್ರಿಯಮ್ಮ, ಅವಳ ಹಿಂದೆ ಹೆಸರಿಲ್ಲದ ಹತ್ತಿಪ್ಪತ್ತು ತಲೆ. ಎಲ್ಲರಿಗಿಂತ ಮುಂದೆ ಕೈಯಲ್ಲಿ ಅಳತೆ ಟೇಪು ಹಿಡಿದ ನಗರ ಕಚೇರಿಯ ಸಾಹೇಬರು.

"ಯಾರು ಇಲ್ಲಿ ಡೆವಲಪರ್ರು?"

"ನಾನೇ" ಅಂದರು ಭಾವ, ಸ್ವಲ್ಪ ಹೆಮ್ಮೆಯಿಂದಲೇ.

"ಏಳು ಕಡೆ ಒತ್ತುವರಿ ಮಾಡಿದ್ದೀರಂತೆ? ಈಗ ಒಡೀತೀರಂತೆ? ಲೈಸೆನ್ಸ್ ತೋರಿಸಿ."

"ಒತ್ತಿದ್ದು ಒಂದೇ ಕಡೆ ಸ್ವಾಮಿ, ಏಳು ಸಲ. ಈಗ ಅಮ್ಮ ಒಡೀತಾರೆ. ಒಂದು ನಿಮಿಷ ಸುಮ್ಮನಿರಿ, ದಮ್ಮಯ್ಯ."

"ನನ್ನ ಎದುರಿಗೇ ಒಡೀತೀರಾ?" ಎಂದು ಸಾಹೇಬರು ಟೇಪನ್ನು ಸರ್ರನೆ ಒಂದು ಮೊಳ ಎಳೆದರು. ಕಂಡಕ್ಟರು "ನನ್ನ ಮನೆ!" ಎಂದು ಕಿರುಚಿದರು.

ಆಗ ಕುರ್ಚಿಯಲ್ಲಿ ಕೂತಿದ್ದ ಟೀಚರ್ ಮೇಜಿನ ಮೇಲೆ ಅಂಗೈಯಿಂದ ಒಂದು ಏಟು ಹಾಕಿದರು.

"ಯಾರದು ಗಲಾಟೆ? ಪರೀಕ್ಷೆ ನಡೀತಿರೋದು ಕಾಣ್ಸಲ್ವಾ? ಎಲ್ಲರೂ ಇದ್ದಲ್ಲೇ ನಿಂತ್ಕೊಳ್ಳಿ. ಉಸಿರೆತ್ತಿದರೆ ಹೊರಗೆ!"

ಮೂವತ್ತಮೂರು ವರ್ಷದ ಅಭ್ಯಾಸದ ಧ್ವನಿ ಅದು. ಇಡೀ ಬೀದಿ ತೆಪ್ಪಗಾಯಿತು. ಸಾಹೇಬರ ಟೇಪು ಒಂದು ಮೊಳಕ್ಕೇ ನಿಂತುಬಿಟ್ಟಿತು.

ಪರದೆಯ ಕೆಳಗಿನ ಮೂಲೆಯಲ್ಲಿ ಕೆಂಪಗೆ ಏನೋ ಇಣುಕಿತು. ಬೆಲೂನು. ಹತ್ತಲ್ಲ, ಒಂದೇ. ಆದರೆ ಆಹಾ, ಏನು ಅದರ ನಡಿಗೆ! ಊಟ ಮಾಡಿ ಎದ್ದ ಯಜಮಾನರು ವೀಳ್ಯದ ತಟ್ಟೆಯತ್ತ ಹೋಗುವಷ್ಟು ನೆಮ್ಮದಿಯಿಂದ ಮೇಲಕ್ಕೆ ಏರತೊಡಗಿತು. ನನಗೆ ಆಗ ಹೊಳೆಯಿತು. 10x ಎಂದರೆ ಹತ್ತು ಕಾಪಿಯಲ್ಲ, ಹತ್ತರಷ್ಟು ಹೊತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಹೋಗುತ್ತಿದ್ದ ಬೆಲೂನಿಗೆ ನಮ್ಮ ಭಾವ ಹಗ್ಗ ಕಟ್ಟಿದ್ದರು, ಅದೂ ತಮಗೇ ತಿಳಿಯದೆ.

"ಕೆಂಪು" ಅಂದರು ಟೀಚರ್. "ಎಡಗಡೆ, ಕೆಳಗೆ. ಹೌದೇನೋ?"

ಭಾವ ಉತ್ತರ ಕೊಡಲಿಲ್ಲ. ಹೇಳಿದರೆ ಕಾಪಿಯಾಗುತ್ತದಲ್ಲ. ಹಲ್ಲು ಕಚ್ಚಿ ನಿಂತಿದ್ದರು. ಟೀಚರ್ರ ಕೈ ಮೌಸನ್ನು ಒಂದು ಬೆರಳು, ಅರ್ಧ ಬೆರಳು ಎಂದು ಸರಿಸುತ್ತಿತ್ತು. ಬಾಣದ ಗುರುತು ಬೆಲೂನಿನ ಪಕ್ಕದಲ್ಲಿ ಹಾದುಹೋಯಿತು. ತಿರುಗಿ ಬಂತು.

"ರೈಟ್, ರೈಟ್, ರೈಟ್... ಹೋಲ್ಡಾನ್!" ಎಂದುಬಿಟ್ಟರು ಕಂಡಕ್ಟರು, ತಡೆದುಕೊಳ್ಳಲಾರದೆ.

ಟೀಚರ್ ಮೌಸು ಬಿಟ್ಟರು. "ಯಾರು ಹೇಳಿಕೊಟ್ಟಿದ್ದು? ಹೊರಗೆ!"

ತಮ್ಮ ಮನೆ ಒಡೆಯುವುದನ್ನು ತಡೆಯಲು ಬಂದಿದ್ದ ಕಂಡಕ್ಟರು ತಲೆ ತಗ್ಗಿಸಿ ಹೊರಗೆ ಹೋದರು. ಮರುಕ್ಷಣ ಕಿಟಕಿಯಲ್ಲಿ ಕಾಣಿಸಿಕೊಂಡರು. ಹೇಳಿಕೊಟ್ಟದ್ದು ಲೆಕ್ಕಕ್ಕಿಲ್ಲ ಎಂದು ಟೀಚರ್ ಬಾಣವನ್ನು ಮೂಲೆಗೆ ಒಯ್ದು ಮೊದಲಿನಿಂದ ಶುರುಮಾಡಿದರು. ಬೆಲೂನು ಅರ್ಧ ಪರದೆ ದಾಟಿತ್ತು. ಇಸ್ತ್ರಿಯಮ್ಮ ನನ್ನ ತೋಳು ಹಿಡಿದು ಹಿಂಡುತ್ತಿದ್ದಳು. ಮುಕ್ಕಾಲು ದಾಟಿತು. ಬೆಲೂನಿನ ತಲೆ ಪರದೆಯ ಮೇಲಂಚಿಗೆ ತಾಗಿತು, ಕಾಲು ಭಾಗ ಮಾಯವಾಯಿತು, ಅರ್ಧ ಮಾಯವಾಯಿತು.

ಟಕ್.

ಬೆಲೂನು ಒಡೆಯಿತು. ಅದೂ ಹತ್ತರಷ್ಟು ನಿಧಾನವಾಗಿ. ಮೊದಲು ಒಂದು ಬಿರುಕು ಬಿಟ್ಟಿತು, ಆಮೇಲೆ ಕೆಂಪು ಚೂರುಗಳು ಒಂದೊಂದಾಗಿ ಪರದೆಯ ಮೇಲೆಲ್ಲ ತೇಲುತ್ತ ಹೋದವು. ಅಷ್ಟು ಚೆಂದದ ಒಡೆತವನ್ನು ನಾನು ನೋಡಿಲ್ಲ. ಆದರೆ ಯಾರೂ ಕೂಗಲಿಲ್ಲ, ಯಾಕೆಂದರೆ ಫಲಿತಾಂಶ ಬರುತ್ತಿತ್ತು. ಕೆಳಗಿನಿಂದ ಒಂದು ಚೀಟಿ ಏರುತ್ತಿತ್ತು. ಮೊದಲು ಅಕ್ಷರಗಳ ತಲೆಕಟ್ಟು ಕಂಡಿತು. ತಲೆಕಟ್ಟು ನೋಡಿ ಪಾಸೋ ಫೇಲೋ ಹೇಳುವುದು ಹೇಗೆ? ಸಾಹೇಬರು ಬಗ್ಗಿ ಬಗ್ಗಿ ಓದಲು ನೋಡಿದರು.

"ನೀವು... ಮನುಷ್ಯರು..." ಎಂದು ಅವರೇ ಗಟ್ಟಿಯಾಗಿ ಓದಿದರು, "...ಎಂದು ಖಚಿತವಾಗಿದೆ! ಆಪರೇಷನ್ ಹದಿನಾಲ್ಕನೇ ತಾರೀಕು!"

"ಅದು ನನಗೆ ಮೊದಲೇ ಗೊತ್ತಿತ್ತು, ಮನುಷ್ಯಳು ಅಂತ" ಅಂದರು ಟೀಚರ್. ಭಾವ ಅಲ್ಲೇ ನೆಲದ ಮೇಲೆ ಕೂತು ಅಮ್ಮನ ಮಂಡಿಗೆ ಹಣೆ ಹಚ್ಚಿ ಅತ್ತುಬಿಟ್ಟರು. ಕಿಟಕಿಯಲ್ಲಿ ಕಂಡಕ್ಟರು ಸೀಟಿ ಹೊಡೆದರು.

ಆಮೇಲೆ ಸಾಹೇಬರಿಗೆ ವಿಷಯ ಬಿಡಿಸಿ ಹೇಳುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅವರು ನೆಲಕ್ಕೆ ಕಾಲಿನಿಂದ ಕುಟ್ಟಿ ನೋಡಿ, ಗೋಡೆ ಅಳೆದು, ಕೊನೆಗೆ "ಡೆವಲಪರ್ ಇದ್ದಾರೆ. ಕಟ್ಟಡ ಇಲ್ಲ" ಎಂದು ವರದಿ ಬರೆದರು. ಹೋಗುವಾಗ ಭಾವನನ್ನು ಪಕ್ಕಕ್ಕೆ ಕರೆದು, "ನಮ್ಮ ತಂದೆಗೂ ಎರಡು ಸಲ ಬೆಲೂನು ತಪ್ಪಿದೆ ಸಾರ್" ಅಂದರು. ಮುಂದಿನ ಶನಿವಾರ ಏಳೂವರೆಗೆಲ್ಲ ನಮ್ಮ ಬೆಂಚಿನ ಮೇಲೆ ಐದು ಜನ ಹಿರಿಯರು ಕೂತಿದ್ದರು. ಜಗತ್ತಿನಲ್ಲಿ ಎಲ್ಲರೂ ಫೋನನ್ನು ಚುರುಕು ಮಾಡಿಕೊಡುತ್ತಾರಂತೆ, ಇವರೊಬ್ಬರು ನಿಧಾನ ಮಾಡಿಕೊಡುತ್ತಾರೆ ಎಂದು ಸುದ್ದಿ ಹಬ್ಬಿತ್ತು. ಐದೂ ಜನರಿಗೆ ಮೌಸು ಕಲಿಸಿದ್ದು ಭಾವನೇ, ಐದೂ ಬೆಲೂನು ಒಡೆದವು.

ಟೀಚರ್ರ ಕಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಕರೆತಂದ ದಿನ ಅವರು ಬೀದಿಯಲ್ಲೇ ನಿಂತು ಮೊದಲು ಬೋರ್ಡು ಓದಿದರು.

"ಬಿಲ್ಡರ್ಸ್ ಅಂಡ್ ಡೆವಲಪರ್ಸ್. ಬಹುವಚನ ಯಾಕೆ? ಇರೋನು ನೀನೊಬ್ಬನೇ ಅಲ್ವೇನೋ?" ಆಮೇಲೆ ಮಗನತ್ತ ತಿರುಗಿ ಬಹಳ ಹೊತ್ತು ನೋಡಿದರು. "ತಲೆ ಯಾವಾಗೋ ಇಷ್ಟು ಬೆಳ್ಳಗಾಯ್ತು?"

"ನಿಧಾನವಾಗಿ ಆಯ್ತಮ್ಮ."

ಒಳಗೆ ಬಂದವರೇ ಟ್ರಂಕು ತೆಗೆಸಿದರು. ತಳದಲ್ಲಿದ್ದ ಹಳದಿ ಕಾಗದದ ಆ ಉತ್ತರಪತ್ರಿಕೆ ಹೊರಬಂತು. ಭಾವನ ಮುಖ ಸಣ್ಣಗಾಯಿತು. ಟೀಚರ್ ಹೊಸ ಕಣ್ಣಿನಲ್ಲಿ ಮೊದಲಿನಿಂದ ಒಂದೊಂದೇ ಲೆಕ್ಕ ನೋಡುತ್ತ ಬಂದರು. ನಾವು ಮೂವರೂ ನಿಂತೇ ಇದ್ದೆವು. ಏಳನೆಯ ಲೆಕ್ಕದಲ್ಲಿ ಅವರ ಬೆರಳು ನಿಂತಿತು. ಹದಿನಾರು ಬೈ ಅರವತ್ತನಾಲ್ಕು, ಸಂಕ್ಷೇಪಿಸಿ. ಹುಡುಗ ಹದಿನಾರರಲ್ಲಿದ್ದ ಆರನ್ನೂ ಅರವತ್ತನಾಲ್ಕರಲ್ಲಿದ್ದ ಆರನ್ನೂ ಹೊಡೆದುಹಾಕಿ, ಉಳಿದದ್ದು ಒಂದು ಬೈ ನಾಲ್ಕು ಎಂದು ಬರೆದಿದ್ದ. ಅದರ ಮೇಲೆ ಕಾಗದ ಹರಿಯುವಷ್ಟು ಜೋರಾಗಿ ಕೆಂಪು ಗೀಟು ಎಳೆದಿತ್ತು.

"ಇದು ಎರಡು ಅಂಕದ ಲೆಕ್ಕ" ಅಂದರು ಟೀಚರ್. "ದಾರಿಗೆ ಒಂದು, ಉತ್ತರಕ್ಕೆ ಒಂದು. ಹೀಗೆ ಯಾರಾದ್ರೂ ಹೊಡೆದುಹಾಕ್ತಾರೇನೋ? ದಾರಿ ಪೂರ್ತಿ ತಪ್ಪು. ದಾರಿಗೆ ಸೊನ್ನೆ."

"ಹೌದು ಟೀಚರ್."

"ಆದ್ರೆ ಉತ್ತರ ಸರಿಯಾಗಿದೆ. ಕಾಲು. ಅದಕ್ಕೆ ಒಂದು ಕೊಡ್ಬೇಕಿತ್ತು. ನನಗೆ ಆವತ್ತು ಸಿಟ್ಟು ಬಂದು ಎರಡೂ ಹೊಡೆದುಹಾಕಿದ್ದೀನಿ." ಅವರು ಕಾಗದವನ್ನು ಮೇಜಿನ ಮೇಲೆ ಹರಡಿದರು. "ತಪ್ಪು ನನ್ನದು ಕಣೋ. ಆ ಕೆಂಪು ಪೆನ್ನು ಕೊಡು."

ಭಾವ ತಂದುಕೊಡುವಷ್ಟರಲ್ಲಿ ಪೆನ್ನು ಎರಡು ಸಲ ಕೆಳಗೆ ಬಿತ್ತು. ಟೀಚರ್ ಮೂವತ್ತನಾಲ್ಕನ್ನು ಹೊಡೆದು, ಪಕ್ಕದಲ್ಲಿ ಮೂವತ್ತೈದು ಎಂದು ಬರೆದು, ರುಜು ಹಾಕಿ, ತಾರೀಕು ಹಾಕಿದರು. ಕಾಗದ ಮಗನ ಕೈಗೆ ಕೊಟ್ಟರು.

ಭಾವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಐವತ್ತೆರಡು ವರ್ಷದ, ತಲೆ ಬೆಳ್ಳಗಾದ ನಮ್ಮ ಡೆವಲಪರ್ ಮೆಲ್ಲಗೆ ಕೇಳಿದರು.

"ಟೀಚರ್, ಹಾಗಾದ್ರೆ ನಾನು ಪಾಸಾ?"

"ಪಾಸು" ಅಂದರು ಅವರಮ್ಮ. "ಹೋಗು, ಕೈ ತೊಳ್ಕೊಂಡು ಊಟಕ್ಕೆ ಕೂತ್ಕೋ."